ಹತ್ತೊಂಬತ್ತನೆಯ ಕಂತಿನ ಬಾಗಿಲು

ಎರಡು ಸುಳಿ, ಒಂದು ಬಲಕ್ಕೆ ಒಂದು ಎಡಕ್ಕೆ, ನಡುವಿನ ಕೂದಲು ಯಾವ ಕಡೆ ಮಲಗಬೇಕೆಂದು ತಿಳಿಯದೆ ನೆಟ್ಟಗೆ ನಿಂತಿದೆ, ಎರಡು ಸುಳಿಯವರಿಗೆ ಎರಡು ಮದುವೆ ಸಾರ್ ಎಂದು ಬೇರೆ ಯಾರ ತಲೆಗಾದರೂ ಹೇಳುತ್ತಿದ್ದೆ, ನಗುತ್ತಿದ್ದರು, ಇವತ್ತು ಮೇಷ್ಟ್ರಿಗೆ ಹೇಳುವ ಹಾಗಿಲ್ಲ, ಮೇಷ್ಟ್ರು ಅಳುತ್ತಿದ್ದಾರೆ — ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ ಮೇಲೆ ಅಳು ಬಂದರೆ ಕಷ್ಟ, ಕೈ ಒಳಗೆ ಸಿಕ್ಕಿಕೊಂಡಿರುತ್ತದೆ, ಕಣ್ಣೀರು ಮೂಗಿನ ತುದಿಗೆ ಬಂದು ತೂಗಾಡುತ್ತದೆ, ನಾನು ಟವೆಲಿನ ಅಂಚಿನಿಂದ ಒರೆಸಿದೆ, ಅಂಟಿದ ಕೂದಲನ್ನು ಒರೆಸುವ ಹಾಗೆಯೇ, ತಲೆ ಬಗ್ಗಿಸಿ ಸಾರ್, ಇನ್ನೂ ಸ್ವಲ್ಪ. ಕಥೆ ಬರೆಯುತ್ತಿದ್ದ ಆಕಾಶದವರು ತೀರಿಕೊಂಡು ಎಂಟು ದಿನ. ಸಂಜೆ ಗ್ರಂಥಾಲಯದ ಹಾಲಿನಲ್ಲಿ ಸಭೆ, ಅದಕ್ಕೆ ಮುಂಚೆ ಚೊಕ್ಕಟವಾಗಬೇಕೆಂದು ಮೇಷ್ಟ್ರು ಬಂದಿದ್ದಾರೆ, ಆಮೇಲೆ ಅವರು ಕೂರುತ್ತಿದ್ದ ಕುರ್ಚಿ ಇದೇ ತಾನೇ ಎಂದು ಕೇಳಿ ಕೂತರು, ಈ ವಾರ ಇವರು ಏಳನೆಯವರು, ಕೂದಲಿಲ್ಲದವರೂ ಬಂದು ಕೂತು ಹೋದರು. ಆಕಾಶದವರು ಎಂದು ಹೆಸರಿಟ್ಟದ್ದು ನಾನೇ, ಮೂವತ್ತೊಂದು ವರ್ಷದ ಹಿಂದೆ, ಕಣ್ಣು ಮುಚ್ಚಿ ಕೂತು ಚಂದ್ರ, ಗ್ರಹ, ಅಲ್ಲಿಂದಾಚೆಗಿನ ಕತ್ತಲು ಎಂದೆಲ್ಲ ಹೇಳುತ್ತಿದ್ದರು, ನಾನು ಅವರ ಒಂದು ಪುಸ್ತಕವನ್ನೂ ಓದಿಲ್ಲ, ಓದುವುದೇನು, ಬರೆಯುವ ಮೊದಲೇ ಕೇಳಿರುತ್ತಿದ್ದೆನಲ್ಲ. ಆ ತಲೆಯಲ್ಲಿ ಲೋಕಲೋಕಗಳೇ ಇದ್ದವು ಅಣ್ಣಾ ಎನ್ನುತ್ತಾರೆ ಮೇಷ್ಟ್ರು. ಇದ್ದಿರಬಹುದು. ಹೊರಗಡೆ ಇದ್ದದ್ದು ಹೊಟ್ಟು. ಎಡಗಿವಿಯ ಹಿಂದೊಂದು ಮಚ್ಚೆ, ಕತ್ತರಿ ಅಲ್ಲಿಗೆ ಬಂದಾಗ ಮಾತು ನಿಲ್ಲಿಸಿ ಹುಷಾರಪ್ಪಾ ಎನ್ನುತ್ತಿದ್ದರು, ಗ್ರಹಗಳನ್ನೇ ಪುಡಿಮಾಡಿ ಬಂದವರಿಗೆ ಕಡಲೆಬೇಳೆಯಷ್ಟು ಮಚ್ಚೆಯ ಭಯ.

ಬೆಂಚಿನ ಮೇಲೆ ಔಷಧಿ ಅಂಗಡಿಯಾಕೆ ಕೂತಿದ್ದಾರೆ, ಗಂಡಸರ ಕ್ಷೌರದಂಗಡಿಗೆ ಬರಲು ಸಂಕೋಚಪಟ್ಟು ಮೊದಲು ಬಾಗಿಲಲ್ಲೇ ನಿಂತಿದ್ದರು, ಆಮೇಲೆ ನೆಲ ನೋಡುತ್ತಾ ಮೆಲ್ಲಗೆ ಕೇಳಿದರು, ಅಣ್ಣಾ, ಅವರ ಕೂದಲು ಏನಾದ್ರೂ ಉಳಿದಿದ್ಯಾ. ಅಯ್ಯೋ, ಗುಡಿಸಿ ಹಾಕಿದ್ದೀನಮ್ಮಾ. ತಪ್ಪು ಮಾಡಿದೆನೇನೋ ಎನ್ನುವ ಹಾಗೆ ನನ್ನನ್ನು ನೋಡಿದರು. ಇಬ್ಬರೂ ಸರದಿಯ ಮೇಲೆ ನೆನಪು ತೆಗೆಯುತ್ತಿದ್ದಾರೆ, ಮೇಷ್ಟ್ರು ಏಳನೇ ಕ್ಲಾಸಿನಲ್ಲಿದ್ದಾಗ ಪತ್ರ ಬರೆದಿದ್ದರಂತೆ, ಚಂದ್ರನ ಮೇಲೆ ಗಂಟೆ ಕೇಳಿಸ್ತು ಅಂತ ಬರ್ದಿದೀರಿ, ಗಾಳಿ ಇಲ್ಲದ ಕಡೆ ಶಬ್ದ ಹೇಗೆ ಕೇಳತ್ತೆ ಎಂದು, ಹದಿನೈದು ದಿನಕ್ಕೆ ಕಾರ್ಡು ಬಂತಂತೆ, ನೀನು ಹೇಳಿದ್ದು ಸರಿ, ಗಂಟೆ ಇಳಿಸಿದ್ದೇನೆ, ನೀನು ವಿಜ್ಞಾನ ಬಿಡಬೇಡ. ಬಿಡಲಿಲ್ಲ ನೋಡಿ ಎಂದು ಮತ್ತೆ ಅಳು, ಅಲುಗಾಡಬೇಡಿ ಸಾರ್, ಕಿವಿ ಹತ್ತಿರ ಇದೀನಿ. ಔಷಧಿ ಅಂಗಡಿಯಾಕೆಗೆ ತಮ್ಮ ಅಪ್ಪ ತೀರಿಕೊಂಡ ವರ್ಷ ಓದಿದ ಕಥೆ, ದೂರದ ಗ್ರಹದಿಂದ ಹೊರಟ ಮಾತು ಮನೆ ಮುಟ್ಟಲು ಹನ್ನೊಂದು ವರ್ಷ ಬೇಕು, ಅಪ್ಪ ಸತ್ತು ಹನ್ನೊಂದು ವರ್ಷಕ್ಕೆ ಮಗಳಿಗೆ ಅವನ ದನಿ ಕೇಳುತ್ತದೆ, ನಾನೂ ಕಾದೆ ಅಣ್ಣಾ, ಹುಚ್ಚು ಅಂತ ಗೊತ್ತಿದ್ದೂ ಕಾದೆ, ಹೋದ ವರ್ಷಕ್ಕೆ ಹನ್ನೊಂದು ತುಂಬ್ತು. ಕೇಳಿಸಿತೇ ಎಂದು ಕೇಳಹೋಗಿ ಮೇಷ್ಟ್ರ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿದೆ. ಆ ಕಥೆ ಈ ಕುರ್ಚಿಯಲ್ಲೇ ಹುಟ್ಟಿದ್ದು, ನಾನು ಅವರ ಕುತ್ತಿಗೆಗೆ ನೀರು ಹಚ್ಚುತ್ತಾ ಕೇಳಿದ್ದೆ, ಅಷ್ಟರೊಳಗೆ ಆಯಮ್ಮ ಮನೆ ಬದಲಾಯಿಸಿದ್ರೆ ಏನ್ ಗತಿ ಸಾರ್? ಮುಂದಿನ ತಿಂಗಳು ಬಂದು ಕೂರುತ್ತಲೇ, ಮನೆ ಬದಲಾಯಿಸಲ್ಲ ಅಂತ ಹಟ ಹಿಡೀತಾಳೆ ಕಣಯ್ಯ, ಹಾಗೇ ಬರ್ದೆ, ಗಂಡನ ಹತ್ರ ಜಗಳಾನೇ ಆಡ್ತಾಳೆ. ಆ ಜಗಳದ ಪುಟ ನಂಗೆ ಬಾಯಿಪಾಠ ಎಂದು ಔಷಧಿ ಅಂಗಡಿಯಾಕೆ ಹೇಳುತ್ತಿದ್ದಾರೆ, ನಾನು ಬಾಚಣಿಗೆಯ ಹಲ್ಲಿನಿಂದ ಕೂದಲು ಬಿಡಿಸುತ್ತಿದ್ದೇನೆ.

ಈಗ ಆಕೆ ವಾರಪತ್ರಿಕೆ ತೆಗೆದರು, ಧಾರಾವಾಹಿಯ ಹತ್ತೊಂಬತ್ತನೆಯ ಕಂತು, ಇಪ್ಪತ್ತನೆಯದನ್ನು ಬರೆಯುವ ಮೊದಲೇ ಆಕಾಶದವರು ಆಸ್ಪತ್ರೆ ಸೇರಿದ್ದರು, ಔಷಧಿ ಅಂಗಡಿಯಾಕೆ ಓದುತ್ತಾರೆ, ಹೊರಟು ಮುನ್ನೂರು ವರ್ಷವಾದ ಮೇಲೆ ಹಡಗು ಹೊಸ ಗ್ರಹದಲ್ಲಿ ಇಳಿದಿದೆ, ಒಳಗೆ ಹುಟ್ಟಿ ಒಳಗೇ ಬೆಳೆದವರು ನಾನೂರು ಜನ ಬಾಗಿಲ ಮುಂದೆ ನಿಂತಿದ್ದಾರೆ, ಮುದುಕಿ ಹಿಡಿಯ ಮೇಲೆ ಕೈ ಇಟ್ಟಳು — ಅಷ್ಟೇ, ಕೆಳಗೆ ಮುಂದುವರಿಯುವುದು ಎಂದಿದೆ. ಮೇಷ್ಟ್ರು ಕೊನೆಯ ಕಂತನ್ನು ತಾವೇ ಬರೆದಿದ್ದಾರೆ, ಸಂಜೆ ಸಭೆಯಲ್ಲಿ ಓದುತ್ತಾರೆ, ಆದರೂ ಒಂದು ಅಳುಕು, ಕನ್ನಡಿಯೊಳಗಿಂದ ನನ್ನನ್ನೇ ನೋಡಿ ಕೇಳಿದರು, ಅಣ್ಣಾ, ಕೊನೆ ಬಗ್ಗೆ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ. ಹೇಳಿದ್ರು. ಕತ್ತರಿಯ ಸದ್ದು ನಿಂತದ್ದಕ್ಕೆ ಅಂಗಡಿ ಇಷ್ಟು ದೊಡ್ಡದೆಂದು ಗೊತ್ತಾಯಿತು. ಹೇಳಬಾರದು ಎಂದೇನೂ ಅವರು ಅಂದಿರಲಿಲ್ಲ, ನೀನಾಗಿದ್ರೆ ಏನ್ ಮಾಡ್ತಿದ್ದೆ ಎಂದು ಕೇಳಿದ್ದರು, ಗದ್ದಕ್ಕೆ ನೊರೆ ಹಚ್ಚಿದ್ದೆ, ನಾನೇನು ಹೇಳಲಿ, ನಾನಾಗಿದ್ರೆ ಮೊದ್ಲು ಎಲ್ರಿಗೂ ಮುಖ ತೊಳ್ಕೊಂಡು ತಲೆ ಬಾಚ್ಕೊಳ್ಳಿ ಅಂತಿದ್ದೆ ಸಾರ್, ಗಂಡಸರನ್ನ ಸಾಲಾಗಿ ಕೂರಿಸಿ ಗಡ್ಡ ತೆಗೀತಿದ್ದೆ, ಮುನ್ನೂರು ವರ್ಷ ಆದ್ಮೇಲೆ ಹೊಸ ಜಾಗಕ್ಕೆ ಹೋಗೋದು, ಇದ್ದ ಹಾಗೇ ನುಗ್ಗೋಕಾಗತ್ತಾ? ಅವರು ನಕ್ಕ ನಗುವಿಗೆ ಕತ್ತಿ ಮೇಲೆತ್ತಬೇಕಾಯಿತು, ಇಲ್ಲದಿದ್ದರೆ ಗಂಟಲಿಗೇ ತಾಗುತ್ತಿತ್ತು, ಇದೇ ಕಣಯ್ಯ ಕೊನೆ, ಮುದುಕಿ ಹಿಡಿಯಿಂದ ಕೈ ತೆಗೀತಾಳೆ, ಕನ್ನಡಿ ತಗೊಂಬನ್ನಿ ಅಂತಾಳೆ, ಬಾಗಿಲು ತೆಗೆಯೋದೇ ಬೇಡ, ಬಾಚ್ಕೊಳ್ಳೋದರಲ್ಲೇ ಕಥೆ ಮುಗಿಸ್ತೀನಿ. ಮೇಷ್ಟ್ರಿಗೆ ಹೀಗೆ ಹೀಗೆ ಎಂದು ಹೇಳಿದೆ, ನಾನು ಹೇಳಿಕೊಟ್ಟದ್ದು ಎನ್ನುವುದನ್ನು ಬಿಟ್ಟು. ಮೇಷ್ಟ್ರು ಔಷಧಿ ಅಂಗಡಿಯಾಕೆಯನ್ನು ನೋಡಿದರು, ಆಕೆ ಮೇಷ್ಟ್ರನ್ನು, ಮೊದಲು ನಕ್ಕದ್ದು ಯಾರೋ, ಒಳ್ಳೆಯ ನಗುವೇ, ಎಂಟು ದಿನದಲ್ಲಿ ಮೊದಲನೆಯದಿರಬೇಕು. ತಮಾಷೆಗೆ ಅಂದಿರ್ತಾರೆ ಅಣ್ಣಾ, ಅವರು ಹಾಗೆಲ್ಲ ಮುಗಿಸೋರೇ ಅಲ್ಲ, ಬಾಗಿಲು ತೆರೀಬೇಕು, ಬೆಳಕು ಬರಬೇಕು. ಇರಬಹುದು ಸಾರ್. ಓದಿದವರು ಅವರು, ನಾನು ಕೇಳಿದವನು.

ಪಟಿಕ ಹಚ್ಚಿ, ಬಟ್ಟೆ ಬಿಚ್ಚಿ ಒದರಿದೆ, ಮೇಷ್ಟ್ರು ಎರಡು ಸುಳಿಯ ನಡುವೆ ಕೈಯಾಡಿಸಿಕೊಂಡು ಎದ್ದರು, ಸಂಜೆ ಬನ್ನಿ, ಮುಂದಿನ ಸಾಲಲ್ಲೇ ಕೂರಿ, ನಿಮಗೂ ಎರಡು ಮಾತಾಡೋಕೆ ಹೇಳ್ತೀವಿ, ನಂಗೇನು ಬರತ್ತೆ ಸಾರ್ ಮಾತು, ಹೋದರು, ಬಾಗಿಲ ಪರದೆ ಎರಡು ಸಲ ಆಡಿ ನಿಂತಿತು. ಗುಡಿಸಬೇಕು. ಕಪ್ಪು, ನಡುನಡುವೆ ಬಿಳಿ, ಮೇಷ್ಟ್ರಿಗೂ ವಯಸ್ಸಾಗುತ್ತಿದೆ. ಎರಡು ಮಾತೆಂದರೆ ಏನು ಹೇಳಲಿ, ಕೊನೆಯ ಸಲ ಕ್ಷೌರ ಮಾಡಿದ್ದು ನಾನು ಎನ್ನಬೇಕೇ, ಅದೂ ಪೂರ್ತಿ ನಿಜವಲ್ಲ. ಆಸ್ಪತ್ರೆಯ ಮೂರನೆಯ ಮಹಡಿ, ಬೆಳಗಿನ ಹತ್ತು ಗಂಟೆ, ಅವರ ಹೆಂಡತಿ ಫೋನ್ ಮಾಡಿದ್ದರು, ಗಡ್ಡ ಕೆರೆಯತ್ತೆ ಅಂತಾರೆ, ನಿಮ್ಮನ್ನೇ ಕರೀಬೇಕಂತೆ, ಪೆಟ್ಟಿಗೆ ಹಿಡಿದು ಹೋದೆ, ಬಿಸಿನೀರು, ಬ್ರಷ್ಷು, ಕೆನ್ನೆ ಒಳಗೆ ಇಳಿದುಹೋಗಿತ್ತು, ಬೆರಳಿನಿಂದ ಚರ್ಮ ಎಳೆದು ಹಿಡಿಯಬೇಕಾಯಿತು, ಬಲಗೆನ್ನೆ ಮುಗಿಯಿತು, ಅಷ್ಟರಲ್ಲಿ ನರ್ಸಮ್ಮ, ಸ್ಕ್ಯಾನಿಂಗ್ ಮಶೀನು ಈಗ ಖಾಲಿ ಇದೆ, ಈಗ್ಲೇ ಹೊರಡ್ಬೇಕು, ಎರಡೇ ನಿಮಿಷ ಅಮ್ಮಾ ಎಂದೆ, ಗಾಲಿಕುರ್ಚಿ ಆಗಲೇ ಬಂದಿತ್ತು, ಎಡಗೆನ್ನೆಯ ನೊರೆ ಒರೆಸಲು ಟವೆಲು ತೆಗೆದೆ, ಇರ್ಲಿ ಬಿಡಯ್ಯ, ಒಣಗಲ್ಲ, ಬಂದ್ಮೇಲೆ ಆ ಕಡೇದು. ಹಿಂದೆಯೇ ಲಿಫ್ಟಿನ ತನಕ ಹೋದೆ, ಕೈಯಲ್ಲಿ ಕತ್ತಿ ಬಿಚ್ಚಿಯೇ ಇತ್ತು, ಎದುರು ಬಂದವರು ಗೋಡೆಗೆ ಸರಿದರು. ಆಮೇಲೆ ಬಟ್ಟಲಲ್ಲಿ ನೀರು ತಣ್ಣಗಾಯಿತು, ಬದಲಾಯಿಸಿಕೊಂಡು ಬಂದೆ, ಅದೂ ತಣ್ಣಗಾಯಿತು, ಅವರ ಜೊತೆ ಇಳಿದಿದ್ದ ಹೆಂಡತಿ ಒಬ್ಬರೇ ಮೆಟ್ಟಿಲು ಹತ್ತಿ ಬಂದರು, ಲಿಫ್ಟಿನಲ್ಲಿ ಅಲ್ಲ, ಟವೆಲು ಇಸಿದುಕೊಂಡು ಮತ್ತೆ ಇಳಿದುಹೋದರು. ಯಾರು ಒರೆಸಿದರೋ. ಗುಡಿಸಬೇಕು, ಬ್ರಷ್ಷು ತೊಳೆಯಬೇಕು, ಯಾರೋ ಬಂದರು, ಬನ್ನಿ ಕೂತ್ಕೊಳ್ಳಿ, ಗಡ್ಡಾನಾ, ನೊರೆ ಹಚ್ಚುತ್ತಿದ್ದೇನೆ, ಬಲಗೆನ್ನೆ, ಗದ್ದ, ಎಡಗೆನ್ನೆ — ಲಿಫ್ಟಿನ ಬಾಗಿಲು ಎರಡೂ ಕಡೆಯಿಂದ ಬರುತ್ತಿದೆ, ಗಾಲಿಕುರ್ಚಿಯಲ್ಲಿ ಅವರು, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಬೆಳ್ಳಗೆ, ಯಾಕೆ ನಿಲ್ಸಿದ್ರಿ ಎನ್ನುತ್ತಿದ್ದಾರೆ ಇವರು, ಏನಿಲ್ಲ ಸಾರ್, ಬಾಗಿಲು ಬರುತ್ತಿದೆ, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಬೆಳ್ಳಗೆ