ಇನ್ನಾಸಪ್ಪನ ಬಾಜೂಕಿನ ಜಾಗ

ಸತ್ತ ಮ್ಯಾಲೆ ಎಲ್ಲಿ ಮಲಗಬೇಕು ಅಂತ ಗಂಡನ ಕೂಡ ಜಗಳಾಡಿ ಮಾತು ಬಿಟ್ಟ ಹೆಂಗಸು ಈ ಮಸ್ಕ್ಯಾಗ ನಾ ಒಬ್ಬಾಕೇ ಇರಬೇಕು. ನಗ್ತೀರೇನು? ನಗ್ರಿ. ನಾ ಆದಮ್ಮ, ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯಾಕಿ. ನನ್ನ ಮಿರ್ಚಿಗಿಂತ ನನ್ನ ಬಾಯಿ ಖಾರ ಅಂತ ಮಂದಿ ಅಂತಾರ, ಅನ್ಲಿ. ನನ್ನ ಗಂಡ ಇನ್ನಾಸಪ್ಪ ಗೌಂಡಿ ಕೆಲಸದಾಂವ. ಈ ಊರಾಗಿನ ಎಷ್ಟೋ ಮನಿ ಗ್ವಾಡಿ ಆತನ ಕೈಯಾಗ ಎದ್ದಾವು. ಆತಗ ಬಾಯಿ ಮಾತ್ರ ಇದ್ದಿಲ್ಲ. ಆ ಪಾಲೂ ನನಗ ಬಂದಿತ್ತು.

ಆತ ಮುದಗಲ್ಲಿನ ಕಥೋಲಿಕರಾಂವ, ನಾ ಲಿಂಗಸುಗೂರಿನ ಮೆಥಡಿಸ್ಟರ ಮಗಳು. ದೇವರೂ ಒಬ್ಬನ, ಯೇಸೂ ಒಬ್ಬನ, ಖರೇ. ಆದರ ಲಗ್ನದ ಮಾತು ಬಂದ ಕೂಡಲೆ ಎರಡೂ ಕಡೆ ಮಾರಿ ಬಿಗದವು. ನಮ್ಮಪ್ಪ ಹಠ ಹಿಡದು ನಮ್ಮ ಚರ್ಚಿನ್ಯಾಗ ಲಗ್ನ ಮಾಡಿಸಿದ. ಕಥೋಲಿಕರ ಕಟ್ಟಳೆ ಪ್ರಕಾರ ಅದು ಲಗ್ನನ ಅಲ್ಲ. ಹಿಂಗಾಗಿ ಅವತ್ತಿನಿಂದ ಆತಗ ಚರ್ಚಿನ ಪೂಜಿ ಉಂಟು, ಪ್ರಸಾದದ ರೊಟ್ಟಿ ಇಲ್ಲ. ಎಲ್ಲರೂ ಎದ್ದು ಮುಂದ ಹೋಗಿ ಪ್ರಸಾದ ತಗೊಂಡು ಬರೂ ಮುಂದ ಆತ ಹಿಂದಿನ ಬೆಂಚಿನ ಹತ್ರ ಮೊಣಕಾಲೂರಿ, ತೆಲಿ ತೆಳಗ ಹಾಕಿ ಇರಬೇಕು. ಇನ್ನೊಮ್ಮೆ ಅಲ್ಲಿ ಲಗ್ನ ಮಾಡ್ಕೊಂಡ್ರ ಸರಿ ಹೋಗತೈತಿ ಅಂದ್ರು. ಆದ ಲಗ್ನನ ಆಗಿಲ್ಲ ಅಂತ ಒಪ್ಪಾಕ ನಾ ತಯಾರಿದ್ದಿಲ್ಲ. “ಅಷ್ಟ್ಯಾಕ ಸಂಕಟ ಪಡ್ತಿ, ನಮ್ಮ ಚರ್ಚಿಗೆ ಬಾ, ರೊಟ್ಟಿ, ದ್ರಾಕ್ಷಾರಸ ಎರಡೂ ಕೊಡ್ತಾರ” ಅಂತ ನಾ ಅಂದ್ರ, “ಅವ್ವ ಸಿಟ್ಟಾಗ್ಯಾಳಂತ ಬ್ಯಾರೇದಾಕಿ ಮನಿಗೆ ಉಣ್ಣಾಕ ಹೋಗಲೇನು?” ಅಂತಿದ್ದ.

ಭಾನುವಾರ ಮುಂಜಾನೆ ಭಜಿ ಅಂಗಡಿ ಬಂದ್. ಇಬ್ಬರೂ ಒಂದ ಬಸ್ ಹತ್ತತಿದ್ದಿವಿ. ಒಂದ ಸೀಟಿನ್ಯಾಗ ಕುಂತು ಶೇಂಗಾ ತಿನಕೊಂತ ಲಿಂಗಸುಗೂರ ಮಟ. ಅಲ್ಲಿ ನಾ ಇಳೀತಿದ್ದೆ, ಆತ ಮುಂದ ಮುದಗಲ್ಲಿಗೆ ಹೋಗತಿದ್ದ. ಲಗ್ನ ಆದಾಗಿಂದ ಒಂದು ಭಾನುವಾರ ಸುದ್ದಾ ದೇವರ ಮುಂದ ನಾವು ಬಾಜೂಬಾಜೂಕ ಕುಂತಿಲ್ಲ. ಕೇಳೋರಿಗೆ ಇದು ಸಣ್ಣ ಮಾತು ಅನಸಬಹುದು. ಬಗಲಾಗ ಗಂಡ ಇಲ್ಲದ ಹಾಡು ಹಾಡಿ ಬಂದಾಕಿಗೆ ಸಣ್ಣದಲ್ಲ. ಬದುಕಿದ್ದಾಗ ಆಗಲಿಲ್ಲ, ಮಣ್ಣಾಗರ ಬಾಜೂಕ ಇರೂಣು ಅಂತ ನನ್ನ ಹೊಟ್ಟ್ಯಾಗ ಒಂದು ಆಸೆ ಕುಂತುಬಿಟ್ಟಿತ್ತು. ಆದರ ಅದಕ್ಕೂ ದಾರಿ ಇದ್ದಿಲ್ಲ. ಸತ್ತ್ರ ಆತನ್ನ ಅವರು ಮುದಗಲ್ಲಿಗೆ ಒಯ್ಯಾವರು, ನನ್ನ ನಮ್ಮವರು ಲಿಂಗಸುಗೂರಿಗೆ.

ಮಸ್ಕ್ಯಾಗ ನಮ್ಮ ಮಂದಿ ಭಾಳಿಲ್ಲ. ನಮ್ಮವರು ಒಂದಿಷ್ಟು, ಆತನವರು ಒಂದಿಷ್ಟು, ಆಮ್ಯಾಲೆ ಸಿಂಧನೂರ ಕಡೆ, ಆಂಧ್ರದ ರೈತರು ಬಂದು ನೆಲೆ ನಿಂತ ಕ್ಯಾಂಪುಗಳಿಂದ ಬಂದ ಪೆಂತೆಕೊಸ್ತದವರು. ಅವರ ಪಾಸ್ಟರ್ ಏಸುರತ್ನಂ ತೆಲುಗಿನಾಂವ. ತಗಡಿನ ಶೆಡ್ಡಿನ್ಯಾಗ ಕೈ ಎತ್ತಿಸಿ ಪ್ರಾರ್ಥನಾ ಮಾಡಸ್ತಾನ, ಓಣಿ ತುಂಬ ಕೇಳಸತೈತಿ. ನಮ್ಮ ಓಣಿ ಯಮನಮ್ಮನೂ ಅವರ ಸಭೆಗೆ ಸೇರಿದ್ಲು. ಸೇರಿದಾಕಿ ಸುಮ್ಮನಿದ್ಲೇನು? ನನ್ನ ಗಂಡನ ಕೈಯಾಗ ಜಪಮಣಿ ಕಂಡ್ರ ಸಾಕು, “ಮೂರ್ತಿ ಮುಂದ ಮೇಣಬತ್ತಿ ಹಚ್ಚಾಂವ ನೆಟ್ಟಗ ನರಕಕ್ಕ” ಅಂತ ನಳದ ಮುಂದ ಹತ್ತು ಮಂದಿಗೆ ಕೇಳೂವಂಗ ಅನ್ನಾಕಿ. ನಾ ಬಿಡ್ತೀನೇನು? “ಅಲ್ಲಿ ಪಾಳಿ ನಿಂದ ಮೊದಲೈತಿ, ಕೊಡ ತಗೊಂಡು ನಡೀಬೇ” ಅಂತಿದ್ದೆ. ಮುಂದ ಇಬ್ಬರೂ ಮಾರಿ ನೋಡೂದ ಬಿಟ್ಟಿವಿ.

ಒಂದು ಮಳಿಗಾಲದಾಗ ಏಸುರತ್ನಂನ ಸಭೆಯ ಒಬ್ಬ ಮುದುಕ ತೀರಿಕೊಂಡ. ಹೂಳಾಕ ಜಾಗ ಇಲ್ಲ. ಊರ ಮಸಣದಾಗ ಬ್ಯಾಡ ಅಂದ್ರು. ಬ್ಯಾರೆ ಸಭೆಯವರ ಸಮಾಧಿ ತೋಟಕ್ಕ ಒಯ್ದ್ರ “ನಮ್ಮ ಮೆಂಬರ್ ಅಲ್ಲ” ಅಂದ್ರು. ಟ್ರ್ಯಾಕ್ಟರಿನ್ಯಾಗ ಹೆಣ ಇಟಗೊಂಡು ಹೊತ್ತು ಮುಣಗೂ ಮಟ ತಿರಗಿ, ಕಡೀಕ ಕಾಲುವಿ ದಂಡಿಗೆ ಮಣ್ಣು ಮಾಡಿದ್ರು. ಅದನ್ನ ನೋಡಿ ಬಂದ ಇನ್ನಾಸಪ್ಪ ಗಂಗಾಳದ ಮುಂದ ಕುಂತು ಉಣಲಿಲ್ಲ. “ಊರವರು ಒಲ್ಲೆ ಅಂದ್ರು, ಹೋಗ್ಲಿ. ಯೇಸುವಿನ ಹೆಸರು ಹೇಳವರ ಒಲ್ಲೆ ಅಂದ್ರಲ್ಲ ಆದಮ್ಮ” ಅಂದ.

ಅವತ್ತಿನಿಂದ ಬಾಯಿಲ್ಲದಾಂವಗ ಬಾಯಿ ಬಂತು. ನಮ್ಮ ಸಭೆಯ ಹಿರಿಯರಾದ ಶಿವಪ್ರಸಾದ ಮಾಸ್ತರ ಹತ್ರ ಹೋದ. (ಹೆಸರಿಗೆ ಗಾಬರಿ ಆಗಬ್ಯಾಡ್ರಿ, ಅವರಪ್ಪ ಬಾಪ್ತಿಸ್ಮ ತಗೊಳ್ಳೂಕಿಂತ ಮೊದಲ ಇಟ್ಟ ಹೆಸರದು.) ತನ್ನ ಕಡೆ ಹಿರಿಯ ಚೌರಪ್ಪನ ಹತ್ರ ಹೋದ, ಏಸುರತ್ನಂನ ಶೆಡ್ಡಿಗೂ ಹೋದ. ಮೂವರೂ ಕೂಡಿ ಅರ್ಜಿ ಕೊಟ್ರ ಜಾಗ ಸಿಗತೈತಿ, ಬ್ಯಾರೆ ಬ್ಯಾರೆ ಕೇಳಿದ್ರ ಯಾರಿಗೂ ಇಲ್ಲ ಅಂತ ತಿಳಿಸಿ ಹೇಳಿದ. ವರ್ಷಗಟ್ಟಲೆ ತಹಶೀಲ್ದಾರ ಕಚೇರಿಗೆ ಅಡ್ಡಾಡಿ ಕಡೀಕ ನಾಲಾದ ಮಗ್ಗಲ ಒಂದು ತುಂಡು ಎರಿ ಭೂಮಿ ಸಿಕ್ತು. ಸುತ್ತ ಗ್ವಾಡಿ ಕಟ್ಟಿದಾಂವ ಆತನ, ಕೂಲಿ ಮುಟ್ಟಲಿಲ್ಲ.

ಗ್ವಾಡಿ ಎದ್ದ ಮ್ಯಾಲೆ, “ಮೂರು ಭಾಗ ಮಾಡೂಣು” ಅಂದ್ರು ಹಿರಿಯರು.

“ಇಲ್ಲ” ಅಂದ ಇನ್ನಾಸಪ್ಪ. “ಒಂದ ಸಾಲು. ಯಾರು ಸತ್ತ್ರೂ ಮುಂದಿನ ಕುಣಿ ಅವರದು. ಯಾವ ಸಭೆ ಅಂತ ಕೇಳೂದಿಲ್ಲ. ಯಾರಿಗೂ ಜಾಗ ಹಿಡದು ಇಡೂದಿಲ್ಲ.”

ಗುಣುಗುಣು ಅಂದ್ರು, ಆದರ ಗ್ವಾಡಿ ಕಟ್ಟಿದಾಂವನ ಮುಂದ ಯಾರು ಜೋರು ಮಾಡಬೇಕು? ಒಪ್ಪಿದ್ರು. ಅಲ್ಲೇ ನಿಂತು ಕರ್ತನು ಕಲಿಸಿದ ಪ್ರಾರ್ಥನಾ ಕೂಡಿ ಹೇಳಾಕ ಹೋದಿವಿ. ನಮ್ಮವರು ದೇವರಿಗೆ ‘ನಿನ್ನ’ ಅಂತಾರ, ಚೌರಪ್ಪನವರು ‘ನಿಮ್ಮ’ ಅಂತಾರ, ಏಸುರತ್ನಂ ತೆಲುಗಿನ್ಯಾಗ ನಡಿಸ್ಯಾನ. ಸಂತಿ ಆತು ಸಂತಿ! ಆದರ ಆಮೆನ್ ಮಾತ್ರ ಎಲ್ಲರದ್ದೂ ಒಮ್ಮೆಲೆ ಬಂತು. ಇನ್ನಾಸಪ್ಪ ಅತ್ತ ತಿರಗಿ ಕಣ್ಣು ಒರಸಿಕೊಂಡ.

ನನಗೂ ಖುಷಿ ಆಗಿತ್ತು. ಇಬ್ಬರಿಗೂ ಒಂದ ಗ್ವಾಡಿ ಒಳಗ ಜಾಗ ಆತಲ್ಲ ಅಂತ. ಮನಿಗೆ ಬರೂ ದಾರ್ಯಾಗ ತೆಲಿಗೆ ಹೊಳೀತು.

“ಅಲ್ಲ, ನೀ ಮೊದಲ ಹೋದ್ರ ನಾ ನಿನ್ನ ಬಾಜೂಕ ಹೆಂಗ ಬರೂದು? ನಡುವ ಯಾರರ ಸತ್ತ್ರ?”

“ಅವರು ಬರ್ತಾರ.”

“ಮತ್ತ ನಾ?”

“ನಿನ್ನ ಪಾಳಿ ಬಂದಾಗ ನೀ ಬಾ.”

ನನ್ನ ಮೈ ಉರದು ಹೋತು. “ನೀ ಒಂದು ಮಾತು ಅಂದ್ರ ಒಲ್ಲೆ ಅನ್ನಾವರು ಯಾರದಾರ? ಒಂದ ಒಂದು ಜಾಗ!”

“ಯಾರೂ ಒಲ್ಲೆ ಅನ್ನೂದಿಲ್ಲ. ಅದಕ್ಕ ಕೇಳಬಾರದು” ಅಂದ. “ಬಸ್ಸಿನ್ಯಾಗ ಸೀಟಿಗೆ ಒಬ್ಬಾಂವ ಟಾವೆಲ್ ಹಾಕಿದ್ರ ಎಲ್ಲರೂ ಹಾಕತಾರ. ಆಮ್ಯಾಲೆ ಕ್ಯಾಂಪಿನವರು ಮತ್ತ ಕಾಲುವಿ ದಂಡಿಗೆ.”

“ಕ್ಯಾಂಪಿನವರ ಚಿಂತಿ ಐತಿ, ಕಟಗೊಂಡಾಕಿ ಚಿಂತಿ ಇಲ್ಲ ನಿನಗ!”

ಮಾತು ಬಿಟ್ಟೆ. ರೊಟ್ಟಿ ಬಡದು ಮುಂದ ಇಡೂದು, ಎದ್ದು ಹೋಗೂದು. ಒಂದಿನ ರೊಟ್ಟಿ ಮುರಕೊಂತ ಆತ ಅಂದ, “ನನಗೂ ಆಸೆ ಐತಿ ಆದಮ್ಮ. ಇಲ್ಲ ಅಂತ ತಿಳಕೋಬ್ಯಾಡ.” ಅಷ್ಟ ಅಂದ. ನಾ ಒಲಿ ಕಡೆ ಮಾರಿ ಮಾಡಿ ಅತ್ತೆ. ಆಮ್ಯಾಲೆ ಮಾತು ಸುರುವಾತು, ಆದರ ಆ ವಿಷಯ ಮತ್ತ ಇಬ್ಬರೂ ತೆಗೀಲಿಲ್ಲ.

ಬ್ಯಾಸಗ್ಯಾಗ ಕೆಲಸದ ಮ್ಯಾಲಿದ್ದಾಗ ಎದಿ ಹಿಡಕೊಂಡ. ಸಿಂಧನೂರ ದವಾಖಾನಿ ಮುಟ್ಟೂದ್ರಾಗ ಮುಗದಿತ್ತು. ಆಗಲೇ ಒಂದೆರಡು ಗೋರಿ ಬಿದ್ದಿದ್ದ ಸಾಲಿನ್ಯಾಗ ಮುಂದಿನ ಕುಣಿ ಆತಂದಾತು. ಮುದಗಲ್ಲಿನಿಂದ ಫಾದರ್ ಬಂದು ಪೆಟ್ಟಿಗಿ ಮ್ಯಾಲೆ ತೀರ್ಥ ಚಿಮುಕಿಸಿದ್ರು. ನಮ್ಮ ಪಾಸ್ಟರ್ ವಾಕ್ಯ ಓದಿದ್ರು. ಏಸುರತ್ನಂ ತೆಲುಗಿನ್ಯಾಗ ಹಾಡಿದ. ಯಮನಮ್ಮ ಮಾತ್ರ ಮೇಣಬತ್ತಿ ಕಂಡು ಗೇಟಿನ ಹೊರಗ ನಿಂತಿದ್ಲು. “ಇಂಥಾ ಸಾವು ಎಷ್ಟು ಮಂದಿಗೆ ಐತಿ” ಅಂದ್ರು ಬಂದವರು. ನನಗ ಬಾಯಿಗೆ ಬಂದಂಗ ಬೈಬೇಕು ಅನಸ್ತು. ಸಾವು ಸಾವ. ಮನ್ಯಾಗಿನ ಆತನ ಜಾಗ ಖಾಲಿ ಆದದ್ದು ನನಗ ಗೊತ್ತು.

ಎಲ್ಲರೂ ಹೋದ ಮ್ಯಾಲೆ ಶಿವಪ್ರಸಾದ ಮಾಸ್ತರು ಹತ್ರ ಬಂದ್ರು. “ಆದಮ್ಮ, ಆತನ ಬಾಜೂಕಿನ ಜಾಗ ನಿಂದು. ನಾ ಮಾತು ಕೊಡ್ತೀನಿ. ಇಷ್ಟು ದುಡದಾನ, ಇಷ್ಟರ ಮಾಡಬ್ಯಾಡೇನು?”

ನಾ ಬ್ಯಾಡ ಅನ್ನಲಿಲ್ಲ. ಅವರ ಕೈ ಹಿಡಕೊಂಡು ಅತ್ತೆ.

ಸುದ್ದಿ ಎಷ್ಟೊತ್ತು ನಿಲ್ಲತೈತಿ? ಚೌರಪ್ಪ ಬಂದು, “ನಮ್ಮಾಂವನ ಬಾಜೂಕ ನಿಮ್ಮಾಕಿಗೆ ಜಾಗ ಹಿಡದೀರಿ. ಹಂಗಾದ್ರ ನಮ್ಮ ಪಾಲೂ ಈಗ ಹೇಳಿಬಿಡ್ರಿ” ಅಂದ. ಮಾತಿಗೆ ಮಾತು ಬೆಳೀತು. ಮರುವಾರ ನೋಡಿದ್ರ ಸುಣ್ಣದ ಪುಡಿ ಚೆಲ್ಲಿ ಗೆರಿ ಹೊಡದಾರ! ದಿಬ್ಬದ ಮ್ಯಾಲೆ ಒಂದು ಪಾಲು ನಮ್ಮದು, ಒಂದು ಚೌರಪ್ಪನವರದು. ಜೋರು ಮಾಡಾಕ ಬರದ ಏಸುರತ್ನಂಗ ನಾಲಾದ ಮಗ್ಗಲಿನ ತೆಗ್ಗು. ಇನ್ನಾಸಪ್ಪ ಯಾರಾಂವ ಅಂತ ಅದೊಂದು ಜಗಳ. ಕಡೀಕ ಗೆರಿ ಆತನ ಗೋರಿ ಬಾಜೂಕನ ಹಾದು ಹೋತು. ಆ ಕಡೆ ಆತ, ಈ ಕಡೆ ನನ್ನ ಜಾಗ. “ನಡುವ ಗೆರಿ ಇರತೈತಿ ಅಷ್ಟ, ಇದ್ದೀರಲ್ಲ ಬಾಜೂಕನ” ಅಂದ್ರು ಮಾಸ್ತರು. ಮಳಿ ಹೋದ ಮ್ಯಾಲೆ ಗೆರಿ ಮ್ಯಾಲೆ ಗ್ವಾಡಿ ಕಟ್ಟಸ್ತಾರಂತ. ಅದಕ್ಕೂ ನಾ ಸುಮ್ಮನಾದೆ. ಗ್ವಾಡಿ ಇರಲಿ, ಗ್ವಾಡಿ ಹಿಂದ ಆತ ಇರ್ತಾನಲ್ಲ ಅಂದ್ಕೊಂಡೆ. ಅಷ್ಟು ಬೇಕಾಗಿತ್ತು ನನಗ ಆ ಜಾಗ.

ಮಳಿಗಾಲ ಜೋರು ಹಿಡದಾಗ ಯಮನಮ್ಮ ಸತ್ಲು. ಜ್ವರ ಅಂತ ಮಲಗಿದಾಕಿ ಮ್ಯಾಲೆ ಏಳಲಿಲ್ಲ. ಎಷ್ಟಾದ್ರೂ ಓಣಿ ಮಂದಿ, ನಾನೂ ಮಣ್ಣಿಗೆ ಹೋದೆ.

ಕುಣಿ ತೋಡಾಂವ ಕರೀಂಸಾಬ್. ಅವರ ಮಂದಿಗೂ ಅವನ, ನಮಗೂ ಅವನ. ತೆಗ್ಗಿನ ಪಾಲಿನ್ಯಾಗ ತೋಡಿದ, ಮೊಣಕಾಲಿನ ಮಟ ಹೋಗೂದ್ರಾಗ ನೀರು ಜಿನಗಾಕತ್ತು. ಜರಾ ಸರದು ತೋಡಿದ, ಅಲ್ಲೂ ನೀರು. ಮ್ಯಾಲೆ ನೆಲ್ಲಿನ ಗದ್ದಿ, ಮಗ್ಗಲ ನಾಲಾ, ನೀರು ಬರದ ಏನಾಗತೈತಿ? “ಇಲ್ಲಿ ಆಗೂದಿಲ್ರೀ ಪಾಸ್ಟರ್” ಅಂತ ಮ್ಯಾಲೆ ಹತ್ತಿ ನಿಂತ. ಯಮನಮ್ಮನ ಮಗಳು ಭಾರತಿ ಪೆಟ್ಟಿಗಿ ಹಿಡಕೊಂಡು, “ನಮ್ಮವ್ವನ್ನ ಈ ಕೆಸರಾಗ ಹಾಕಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಅಂತ ಒದರಾಕತ್ತಿದ್ಲು.

ಏಸುರತ್ನಂ ದಿಬ್ಬದ ಕಡೆ ನೋಡಿದ. ಮಾಸ್ತರು, “ಅದು ನಮ್ಮ ಮೆಂಬರಿಗೆ ಅಂತ ಠರಾವು ಆಗೇತಲ್ಲ” ಅಂದ್ರು. ಚೌರಪ್ಪ, “ಇವತ್ತ ಒಬ್ಬರಿಗೆ ಬಿಟ್ರ ನಾಳೆ ಎಲ್ಲರೂ ಕೇಳ್ತಾರ” ಅಂದ. ಇಬ್ಬರೂ ಕೆಟ್ಟವರಲ್ಲ. ಇಬ್ಬರ ಕಣ್ಣಾಗೂ ನೀರಿತ್ತು. ಆದರ ಜಾಗ ಬಿಡಾಕ ಮಾತ್ರ ಒಬ್ಬರೂ ತಯಾರಿಲ್ಲ.

ಏಸುರತ್ನಂ ಜಗಳಾಡಲಿಲ್ಲ. ತೆಲಿ ಮ್ಯಾಲಿನ ಟಾವೆಲ್ ತೆಗದು ಮಾರಿ ಒರಸಿಕೊಂಡ. “ಪರವಾಗಿಲ್ಲ ಅಯ್ಯಾ. ಟ್ರ್ಯಾಕ್ಟರ್‌ಗೆ ಫೋನ್ ಮಾಡ್ತೀನಿ. ಕಾಲುವಿ ದಂಡಿಗೆ ಒಯ್ತೀವಿ” ಅಂದ.

ಆ ಮಾತು ಕೇಳಿದ ಕೂಡಲೆ ನನಗ ಎಲ್ಲಿಲ್ಲದ ಸಿಟ್ಟು ಬಂತು. ಮಾಸ್ತರ ಮ್ಯಾಲಲ್ಲ, ಚೌರಪ್ಪನ ಮ್ಯಾಲಲ್ಲ. ಇನ್ನಾಸಪ್ಪನ ಮ್ಯಾಲೆ. ನೀ ಹೇಳಿದಂಗ ಆತಲ್ಲೋ! ಹೇಳಿ ಹೋಗಿಬಿಟ್ಟಿ, ಇದನ್ನ ನನ್ನ ಕೊರಳಿಗೆ ಕಟ್ಟಿ ಹೋಗಿಬಿಟ್ಟಿ. ನನಗಂತ ಇರೂದೊಂದು ಜಾಗ. ಬರಾಕಿ ಯಾರು? ನಿನ್ನ ನರಕಕ್ಕ ಕಳಿಸಿದಾಕಿ!

“ಕರೀಂಸಾಬ್,” ಅಂತ ಕರದೆ. “ಇಲ್ಲಿ ಬಾ. ಇಲ್ಲಿ ತೋಡು.”

ಆತ ಬಂದು ಗೋರಿ ನೋಡಿದ, ನನ್ನ ನೋಡಿದ. “ಇದು ನಿಮ್ಮ ಜಾಗ ಅಲ್ಲೇನ್ರೀ ಅಮ್ಮಾ?”

“ಅಲ್ಲ. ಇದು ಮುಂದಿನ ಕುಣಿ.”

ಮಾಸ್ತರು ಓಡಿ ಬಂದ್ರು. “ಆದಮ್ಮ, ಸಂಕಟದಾಗ ಏನೇನೋ ಮಾತಾಡಬ್ಯಾಡ. ಒಮ್ಮೆ ತೋಡಿದ್ರ ಆತು, ನಾಳೆ ಬೇಕಂದ್ರ ಸಿಗೂದಿಲ್ಲ.”

“ನನಗ ಗೊತ್ತಿಲ್ಲೇನ್ರೀ ಮಾಸ್ತರ?” ಅಂದೆ. ನನ್ನ ಧ್ವನಿ ನನಗ ಬ್ಯಾರೇದಾಕಿದು ಅನಸ್ತು. “ನೀವು ಕೊಟ್ಟ ಮಾತು ನೀವ ಇಟಗೋರಿ. ನನ್ನ ಜಾಗ ಒಂದು ಇಲ್ಲ ಅಂದ ಮ್ಯಾಲೆ ಮತ್ಯಾರ ಪಾಲು ಐತಿ ಇಲ್ಲಿ? ಹೇಳ್ರಿ ನೋಡೂಣು.”

ಮಳ್ಯಾಗ ನೆನದ ಸುಣ್ಣದ ಗೆರಿ ಇನ್ನೂ ಕಾಣತಿತ್ತು. ಕರೀಂಸಾಬ್ ಅದರ ಮ್ಯಾಲೆ ಗುದ್ದಲಿ ಹಾಕಿದ. ಮಣ್ಣು ಒಣಗಿತ್ತು ಒಳಗ. ಚೌರಪ್ಪ ಕಡೀಕ ಬಂದು ಪೆಟ್ಟಿಗಿಗೆ ಹೆಗಲು ಕೊಟ್ಟ. ಮಾಸ್ತರೂ ಬಂದ್ರು. ಭಾರತಿ ನನ್ನ ಕಾಲಿಗೆ ಬಿದ್ಲು. ನಾ ಆಕಿನ್ನ ಎಬ್ಬಿಸಲಿಲ್ಲ. ಎಬ್ಬಿಸಿದ್ರ “ಬ್ಯಾಡ, ನನ್ನ ಜಾಗ ನನಗ ಕೊಡ್ರಿ” ಅಂದುಬಿಡ್ತೀನೇನೋ ಅನ್ನೂ ಅಂಜಿಕಿ ಇತ್ತು.

ಗ್ವಾಡಿ ಕಟ್ಟೂ ಮಾತು ಆಮ್ಯಾಲೆ ಯಾರೂ ಎತ್ತಲಿಲ್ಲ. ಮತ್ತ ಸಾಲು ಸುರುವಾತು. ಯಮನಮ್ಮನ ಆಚಿ ಚೌರಪ್ಪನ ತಂಗಿ ಬಂದಾಳ. ಆಕಿ ಆಚಿ ಕ್ಯಾಂಪಿನ ಒಬ್ಬಾಂವ. ಮೊನ್ನೆ ನಮ್ಮ ಮಾಸ್ತರನ್ನೂ ಅಲ್ಲೇ ಇಟ್ಟು ಬಂದಿವಿ, ಮೂರೂ ಸಭೆಯವರು ಹೊತ್ತಾರ. ಊರೂರಿನಿಂದ ಮಂದಿ ಬಂದು ನೋಡಿ, “ಮಸ್ಕಿಯವರನ್ನ ನೋಡಿ ಕಲೀಬೇಕು” ಅಂತ ಹೊಗಳಿ ಹೋಗ್ತಾರ. ಇನ್ನಾಸಪ್ಪ ಗೆದ್ದಾನ, ಖರೇ. ಆದರ ಒಂದೊಂದು ಕುಣಿ ಬಿದ್ದಂಗ ನಾ ಆತನಿಂದ ಒಂದೊಂದು ಕುಣಿ ದೂರ ಆಗಾಕತ್ತೀನಿ. ಯಾರದೇ ಮಣ್ಣಿದ್ರೂ ಹೋಗ್ತೀನಿ, ಹಿಡಿ ಮಣ್ಣು ಹಾಕ್ತೀನಿ, ಮನಿಗೆ ಬಂದು ಅಳ್ತೀನಿ. ಸತ್ತವರ ಸಲುವಾಗಿ ಅಳಾಕತ್ತಾಳ ಅಂತ ಓಣಿ ಮಂದಿ ತಿಳಕೊಂಡಾರ.