ಶಾಯಿಯ ಕೆಳಗಿನ ಅಂಕಿ

ಕ್ಯಾಮೆರಾ ರಿಪೇರಿ ಅಂಗಡಿಯ ಬಾಗಿಲು ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಕೈಬರಹ ತಜ್ಞೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಶಾಯಿಯಡಿ ಮುಚ್ಚಿಹೋದ ಬರಹವನ್ನು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಓದುವುದು ಅವರ ಕಸುಬು. ಆ ಕ್ಯಾಮೆರಾ ಹಿಂದಿನ ದಿನ ಕೈಜಾರಿ ಬಿದ್ದು ಪುಡಿಪುಡಿಯಾಗಿತ್ತು. ಈಗ ಮಾಮೂಲಿ ಕ್ಯಾಮೆರಾವೊಂದನ್ನು ಕೌಂಟರಿನ ಮೇಲಿಟ್ಟರು.

"ಇದನ್ನೇ ಇನ್‌ಫ್ರಾರೆಡ್‌ಗೆ ಬದಲಾಯಿಸಿಕೊಡಿ. ಮೂರು ಗಂಟೆಗೆ ಆಸ್ಪತ್ರೇಲಿ ವಿಚಾರಣೆ. ಒಬ್ಬ ನರ್ಸು ಹದಿನೈದು ಹನಿ ಔಷಧಿ ಕೊಟ್ಟಿದ್ದಾಳೆ. ಡಾಕ್ಟರು ತಾನು ಬರೆದಿದ್ದು ಐದು ಅಂತಾರೆ. ಚೀಟೀಲಿ ಕಪ್ಪು ಶಾಯಿಯ ಅಂಕಿ ಮೇಲೆ ಯಾರೋ ನೀಲಿ ಪೆನ್ನಲ್ಲಿ ಗೀಚಿಬಿಟ್ಟಿದ್ದಾರೆ. ರೋಗಿ ಬದುಕಿಕೊಂಡ, ಈಗ ಇವಳ ಕೆಲಸ ಹೋಗೋ ಹಾಗಿದೆ."

ಕೌಂಟರಿನಲ್ಲಿದ್ದ ಸೊಸೆ ಒಳಕ್ಕೆ ನೋಡಿದಳು. ರಿಪೇರಿ ಮೇಜಿನ ಮುಂದಿದ್ದ ಮಾವ ತಲೆಯಾಡಿಸಿದರು. "ಒಂದೂವರೆಗೆ ಕೊಡ್ತೀವಿ" ಎಂದಳು ಸೊಸೆ.

ಐದು ವರ್ಷದಿಂದ ಸೊಸೆ ಕೌಂಟರು ನೋಡಿಕೊಳ್ಳುತ್ತಿದ್ದಳು. ಕೆಲಸ ಕಲಿಸಿ ಎಂದಾಗಲೆಲ್ಲ ಮಾವನದು ಒಂದೇ ಮಾತು: "ಇದೇನು ಗುಂಡಿ ಹೊಲಿಯೋ ಕೆಲಸ ಅಂದ್ಕೊಂಡ್ಯಾ?" ಅವಳು ಸುಮ್ಮನಿರಲಿಲ್ಲ. ಗುಜರಿಗೆ ಹೋಗುವ ಕ್ಯಾಮೆರಾಗಳನ್ನು ಮನೆಗೊಯ್ದು ಬಿಚ್ಚಿ ಜೋಡಿಸುತ್ತಿದ್ದಳು.

ಮಾವ ಹಿಂಬದಿ ಬಿಚ್ಚಿದರು. ಬ್ಯಾಟರಿ ತೆಗೆದ ಮೇಲೂ ಫ್ಲಾಶ್‌ನೊಳಗೆ ವಿದ್ಯುತ್ ಉಳಿದಿರುತ್ತದೆ. ಅದನ್ನು ಮೊದಲು ಇಳಿಸಿದರು. ಚಿತ್ರ ಹಿಡಿಯುವ ಸೆನ್ಸರ್ ಹೊರಬಂತು. ಅದರ ಮುಂದಿನ ತಿಳಿನೀಲಿ ಗಾಜು ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ಅಷ್ಟೇ ದಪ್ಪದ ಕಪ್ಪು ಗಾಜು ಕೂರಿಸಬೇಕು. ಅಂಥ ಗಾಜು ಅಂಗಡಿಯಲ್ಲಿ ಎರಡೇ ಇದ್ದವು.

ಹನ್ನೆರಡೂವರೆಗೆ ಟಕ್ಕೆಂದು ಸದ್ದಾಯಿತು.

"ಏನಾಯ್ತು?" ಬೆಂಚಿನ ಮೇಲಿದ್ದ ತಜ್ಞೆ ಎದ್ದು ನಿಂತರು.

"ಏನಿಲ್ಲ ಮೇಡಂ, ಕೂತ್ಕೊಳ್ಳಿ" ಎಂದರು ಮಾವ. ಸೊಸೆ ಒಳಗೆ ಹೋದಳು. ಹೊಸ ಗಾಜಿನ ಮೂಲೆ ಹಾರಿಹೋಗಿತ್ತು. ಮಾವ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದರು.

"ಮಾವ, ಕೈ ತೋರ್ಸಿ."

"ಕಾಫಿ ಜಾಸ್ತಿ ಆಯ್ತು ಅಷ್ಟೆ."

"ತೋರ್ಸಿ ಅಂದೆ."

ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. "ಮೂರು ತಿಂಗಳಾಯ್ತು" ಎಂದರು ಮಾವ, ಮೇಜನ್ನೇ ನೋಡುತ್ತ. ಸೊಸೆಗೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು. ಯಾವುದಕ್ಕೂ ಪುರುಸೊತ್ತಿರಲಿಲ್ಲ.

"ಏಳಿ, ಜಾಗ ಬಿಡಿ. ನೀವು ಪಕ್ಕದಲ್ಲಿ ನಿಂತು ಹೇಳಿ."

ಅವಳು ಕೈ ತೊಳೆದು ಬಂದು ಎರಡನೆಯ ಗಾಜನ್ನು ಚಿಮುಟದಲ್ಲಿ ಹಿಡಿದಳು. "ಎಡಗಡೆ ಅಂಚು ಮೊದಲು... ಒತ್ತಬೇಡ, ಅದೇ ಕೂರುತ್ತೆ" ಎಂದು ಮಾವ ಪಿಸುಗುಟ್ಟಿದರು. ಗಾಜು ಕೂತಿತು. ಅಷ್ಟರಲ್ಲಿ ಕೂದಲೆಳೆಯಷ್ಟು ಧೂಳು ಅದರಡಿ ಕಂಡಿತು. ಮತ್ತೆ ತೆಗೆದು, ಗಾಳಿ ಊದಿ, ಮತ್ತೆ ಕೂರಿಸಿದಳು. ಬೆವರು ಹುಬ್ಬಿನಿಂದ ಇಳಿಯುವ ಮೊದಲೇ ಮಾವ ಕರವಸ್ತ್ರದಿಂದ ಒರೆಸಿದರು.

ಒಂದೂ ಮುಕ್ಕಾಲಿಗೆ ಕ್ಯಾಮೆರಾ ಆನ್ ಮಾಡಿದರೆ ಪರದೆಯೆಲ್ಲ ಕಪ್ಪು.

ತಜ್ಞೆ ಈಗ ಒಳಬಾಗಿಲಿಗೇ ಬಂದು ನಿಂತಿದ್ದರು. "ಹಾಳಾಯ್ತಾ?"

ಸೊಸೆ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು; ಪರದೆ ಹಾಗೇ ಇತ್ತು. "ಸೆನ್ಸರಿಂದ ಬರೋ ಪಟ್ಟಿ ತಂತಿ ನೋಡು, ಪೂರ್ತಿ ಒಳಗೆ ಹೋಗಿಲ್ಲ ಅನ್ಸುತ್ತೆ" ಎಂದರು ಮಾವ. ಅವಳು ಮತ್ತೆ ಬಿಚ್ಚಿದಳು. ಉಗುರಿನಷ್ಟಗಲದ ಆ ತಂತಿ ಒಂದು ಬದಿಗೆ ವಾಲಿತ್ತು. ಸರಿಪಡಿಸಿ ಗುಂಡಿ ಒತ್ತಿದಳು. ಪರದೆ ಬೆಳಗಿತು.

ಕಾಗದದ ಮೇಲೆ ಕಪ್ಪು ಪೆನ್ನಲ್ಲಿ ಒಂದು ಅಂಕಿ ಬರೆದು, ಅದರ ಮೇಲೆ ನೀಲಿ ಬಾಲ್‌ಪೆನ್ನಲ್ಲಿ ಕಾಣದಂತೆ ಗೀಚಿ, ಇನ್‌ಫ್ರಾರೆಡ್ ಚೆಲ್ಲುವ ಹಳೆಯ ತಂತಿ ಬಲ್ಬಿನ ಬೆಳಕಲ್ಲಿ ಫೋಟೊ ತೆಗೆದಳು. ಚಿತ್ರದಲ್ಲಿ ನೀಲಿ ಇರಲೇ ಇಲ್ಲ. ಕಪ್ಪು ಅಂಕಿ ಮಾತ್ರ ಢಾಳಾಗಿ ನಿಂತಿತ್ತು.

ತಜ್ಞೆ ಮಾವನಿಗೆ ಕೈಮುಗಿದರು. "ನಿಮ್ಮ ಕೈಗುಣಾನೇ ಗುಣ."

"ನಾನು ಮೊದಲನೇ ಗಾಜು ಒಡೆದೆ ಮೇಡಂ. ಆಗ ಸುಳ್ಳು ಹೇಳಿದೆ. ಇದನ್ನ ಮಾಡಿದ್ದು ನನ್ನ ಸೊಸೆ."

ತಜ್ಞೆ ಇಬ್ಬರನ್ನೂ ಒಮ್ಮೆ ನೋಡಿ, ಸೊಸೆಯ ಭುಜ ತಟ್ಟಿ, ಕ್ಯಾಮೆರಾ ಎತ್ತಿಕೊಂಡು ಮೆಟ್ಟಿಲಿಳಿದರು.

ಮೂರು ಆಯಿತು, ನಾಲ್ಕಾಯಿತು. ಇಬ್ಬರೂ ಊಟ ಮಾಡಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು.

"ಹದಿನೈದು!" ತಜ್ಞೆ ಕೂಗಿಯೇ ಬಿಟ್ಟರು. "ಗೀಚಿದ್ದರ ಕೆಳಗೆ ಡಾಕ್ಟರ ಕೈಬರಹದಲ್ಲೇ ಹದಿನೈದು ಇದೆ. ನರ್ಸು ಹುಡುಗಿ ಅಳೋದು ನಿಲ್ಲಿಸ್ತಿಲ್ಲ."

ಸೊಸೆ ಫೋನಿಟ್ಟು ಕುರ್ಚಿಗೆ ಕುಸಿದಳು. ಮಾವನ ಬಲಗೈ ನೋಡುತ್ತ ಕೇಳಿದಳು, "ಡಾಕ್ಟರ ಹತ್ರ ಯಾವಾಗ ಹೋಗೋಣ ಮಾವ?"

"ಯಾವ ಡಾಕ್ಟರು? ಬರೆದಿದ್ದರ ಮೇಲೆ ಗೀಚಿಬಿಡ್ತಾರಲ್ಲ, ಅವರ ಹತ್ರಾನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಮಾವನೂ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು, "ನಾಳೆ ಹೋಗೋಣ. ನೀನೂ ಬಾ. ಒಬ್ಬನೇ ಹೋಗಕ್ಕೆ ಭಯ ಆಗುತ್ತೆ."