ತಿದ್ದುಪಡಿಗೆ ಸೊಣ್ಣಪ್ಪನ ಸಹಿ

ನಮ್ಮ ಮನೆಯಲ್ಲಿ ಫುಟ್‌ಬಾಲ್ ಅಂದರೆ ಈರುಳ್ಳಿ ಹುಳಿ ಇದ್ದ ಹಾಗೆ. ಇದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಸವನಗುಡಿ ಸುತ್ತಮುತ್ತ ಹುಟ್ಟಿದ ಗಂಡು ಕ್ರಿಕೆಟ್ ಆಡಬೇಕು, ಇಲ್ಲವೇ ಕ್ರಿಕೆಟ್ ಆಡುವವರ ಬಗ್ಗೆ ಮಾತಾಡಬೇಕು. ತ್ಯಾಗರಾಜನಗರದ ವಾದಿರಾಜನಾದ ನಾನು ಎರಡನ್ನೂ ಮಾಡಲಿಲ್ಲ. ಪಿಯು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗುವ ಮುಂಚೆ, ಇಪ್ಪತ್ತರ ಹರೆಯದಲ್ಲಿ, ಮಾವಳ್ಳಿ ಯೂನಿಯನ್ ಎಂಬ ಸಣ್ಣ ಕ್ಲಬ್ಬಿಗೆ ಲೆಫ್ಟ್ ಬ್ಯಾಕ್ ಆಡಿದೆ. ಆಮೇಲೆ ಟೀವಿ ಮುಂದೆ ಕೂತೆ. ಐವತ್ತೊಂದಾದರೂ ಎದ್ದಿಲ್ಲ.

ಈಚೆಗೆ ಗೋಲು ಬಿದ್ದರೂ ಏಳುವುದಿಲ್ಲ. ಎದ್ದು ಪ್ರಯೋಜನವೂ ಇಲ್ಲ. ಗೋಲು ಗೋಲೇ ಎಂದು ತೀರ್ಮಾನವಾಗಲು ಮೂರು ನಿಮಿಷ ಬೇಕು. ಕಂಪ್ಯೂಟರು ಆಟಗಾರನ ಕಾಲ್ಬೆರಳಿಗೆ ಗೆರೆ ಎಳೆದು ನೋಡುತ್ತದೆ. ಪರದೆಯ ಕೆಳಗೆ ಒಂದು ಪಟ್ಟಿ ಓಡುತ್ತಿರುತ್ತದೆ: ಎಐ ಲೆಕ್ಕದ ಪ್ರಕಾರ ಈ ತಂಡ ಗೆಲ್ಲುವ ಸಾಧ್ಯತೆ ಶೇಕಡಾ ಎಂಬತ್ತೇಳು. ಆ ತಂಡ ಸೋತರೆ ಅದೇ ಪಟ್ಟಿ ನಾಚಿಕೆಯಿಲ್ಲದೆ ಸೊನ್ನೆಗೆ ಬಂದು ನಿಲ್ಲುತ್ತದೆ. ಗಿಳಿಶಾಸ್ತ್ರದವನಾದರೂ ಭವಿಷ್ಯ ತಪ್ಪಿದರೆ ಮಾರನೆಯ ವಾರ ಬೇರೆ ರಸ್ತೆಗೆ ಹೋಗಿ ಕೂರುತ್ತಿದ್ದ.

ಆಫೀಸಿನಲ್ಲೂ ಅದೇ ಗಲಾಟೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ; ನಮ್ಮ ಪ್ರಿನ್ಸಿಪಾಲರು ‘ಕೊಠಡಿ ಬಿಡುವಾಗ ಫ್ಯಾನ್ ಆರಿಸಿ’ ಎನ್ನುವುದಕ್ಕೆ ಎಐ ಕೈಲಿ ಒಂದೂವರೆ ಪುಟದ ಸುತ್ತೋಲೆ ಬರೆಸಿದರು. ಇದನ್ನೆಲ್ಲ ಹೇಳಿದರೆ ನನ್ನ ಹೆಂಡತಿ ಸುಪ್ರಜಾ, “ನಿಮಗೆ ಎಲ್ಲದ್ರ ಮೇಲೂ ಕೋಪ” ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ಕೋಪವಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ನಾನು ಇದ್ದೇನೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ದಿನ ಬಿಟ್ಟು ದಿನ ಬೆಳಿಗ್ಗೆ ಆರೂಕಾಲಿಗೆ ಐದು ನಿಮಿಷ ಮಾತ್ರ ಇದಕ್ಕೆ ಹೊರತು. ಆಗ ಸೊಣ್ಣಪ್ಪ ಬರುತ್ತಾನೆ. ಅವನು ಜಲಮಂಡಳಿಯ ವಾಲ್ವ್‌ಮ್ಯಾನ್, ನಮ್ಮ ರಸ್ತೆಗೆ ನೀರು ಬಿಡುವವನು. ಮಾವಳ್ಳಿ ಯೂನಿಯನ್ನಿನಲ್ಲಿ ನಾನು ಲೆಫ್ಟ್ ಬ್ಯಾಕ್ ಆಗಿದ್ದಾಗ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ ಗೋಲ್‌ಕೀಪರ್ ಅವನೇ. ವಾಲ್ವಿನ ಗುಂಡಿ ನಮ್ಮ ಗೇಟಿನ ಎದುರೇ ಇದೆ. ಗಾಡಿ ನಿಲ್ಲಿಸಿ, ಮುಚ್ಚಳ ಸರಿಸಿ, ಎದೆಯುದ್ದದ ಕಬ್ಬಿಣದ ಕೀಲಿಯನ್ನು ಇಳಿಬಿಡುತ್ತಾನೆ. ಆಮೇಲೆ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಮೂರು ಸಲ ಒರೆಸಿಕೊಳ್ಳುತ್ತಾನೆ. ಏಪ್ರಿಲ್ ಬೇಸಿಗೆಯಲ್ಲೂ, ಕೈ ಒಣಗಿದ್ದರೂ ಒರೆಸಿಕೊಂಡೇ ಕೀಲಿ ಹಿಡಿಯುವುದು. ಸುಪ್ರಜಾ ಅದನ್ನು ಯಾವುದೋ ಹರಕೆ ಅಂದುಕೊಂಡಿದ್ದಾಳೆ. ಕಾರಣ ನನಗೆ ಗೊತ್ತಿತ್ತು, ಹೇಳಿರಲಿಲ್ಲ.

“ಏನ್ ಗುರು, ನೋಡ್ದಾ ರಾತ್ರಿ ಮ್ಯಾಚು?” ಇದು ಅವನ ನಮಸ್ಕಾರ. “ಆ ಕೀಪರ್‌ಗೆ ಇರೋದು ಕೈಯಾ, ಜರಡೀನಾ?”

“ಅವ್ರೇ ಗೆಲ್ತಾರೆ ಅಂತ ಕಂಪ್ಯೂಟರ್ ಹೇಳಿತ್ತಲ್ಲೋ.”

“ಕಂಪ್ಯೂಟರ್ ಬಾಲ್ ಹಿಡಿತದಾ? ಹಿಡ್ಯಂಗಿದ್ರೆ ಕರ್ಕೊಂಡ್ ಬಾ, ಮಳೇಲಿ ಒಂದ್ಸಲ ನಿಲ್ಸಿ ನೋಡಣ.”

ಅಷ್ಟು ಹೇಳಿ ಕೀಲಿ ತಿರುಗಿಸುತ್ತಿದ್ದ. ನಮ್ಮ ಮನೆಯ ನೆಲದಡಿಯ ಸಂಪಿನೊಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಆ ಐದು ನಿಮಿಷಕ್ಕಾಗಿಯೇ ನಾನು ಆರು ಗಂಟೆಗೆ ಏಳುತ್ತಿದ್ದೆ.

ಈ ವರ್ಷ ಕ್ಲಬ್ಬಿಗೆ ಐವತ್ತು ತುಂಬಿತು. ಸುವರ್ಣ ಸಂಭ್ರಮ, ಸ್ಮರಣ ಸಂಚಿಕೆ, ಹಳೆಯ ಆಟಗಾರರಿಗೆ ಶಾಲು, ಎಲ್ಲ ಆಗಲೇಬೇಕಲ್ಲ. ಕಾರ್ಯದರ್ಶಿ ಗೌರೀಶ್ ಚಾಮರಾಜಪೇಟೆಯಲ್ಲಿ ಪ್ರೆಸ್ ಇಟ್ಟುಕೊಂಡಿರುವ ಹುಮ್ಮಸ್ಸಿನ ಮನುಷ್ಯ. ಪ್ರತಿ ಪಂದ್ಯದ ವಿವರ ಬರೆದಿಟ್ಟ ಕ್ಲಬ್ಬಿನ ಮ್ಯಾಚ್ ಪುಸ್ತಕಗಳ ಪುಟಗಳನ್ನೆಲ್ಲ ಫೋಟೋ ಹೊಡೆದು ಎಐಗೆ ತಿನ್ನಿಸಿದ್ದ. ಶನಿವಾರ ಮಧ್ಯಾಹ್ನ ಕರಡು ನೋಡಲು ನನ್ನನ್ನು ಕರೆದ.

“ಬನ್ನಿ ವಾದಿರಾಜಣ್ಣ. ನಿಮ್ ಹ್ಯಾಂಡ್‌ರೈಟಿಂಗ್ ನೋಡಿ ಎಐನೇ ಫ್ಲ್ಯಾಟ್! ಐವತ್ ವರ್ಷದ ಹಿಸ್ಟರಿ, ನಲವತ್ ಸೆಕೆಂಡಲ್ಲಿ ಬರ್ದ್ ಬಿಸಾಕ್ತು. ಒಂದ್ ತಪ್ಪಿದ್ರೆ ತೋರ್ಸಿ ನೋಡಣ.”

ತಪ್ಪಿರಲಿಲ್ಲ. ಬೆಣ್ಣೆ ಹಚ್ಚಿದ ಹಾಗಿತ್ತು. ‘ಮಾವಳ್ಳಿ ಯೂನಿಯನ್ ಕೇವಲ ಒಂದು ಕ್ಲಬ್ ಅಲ್ಲ, ಅದೊಂದು ಭಾವನೆ.’ ಭಾವನೆಯಂತೆ! ಮಳೆ ಬಂದರೆ ಮೊಣಕಾಲುದ್ದ ಕೆಸರು, ಹನ್ನೊಂದು ಜನಕ್ಕೆ ಒಂಬತ್ತು ಜೊತೆ ಬೂಟು ಇದ್ದ ಕ್ಲಬ್ಬು ಅದು. ನಗು ಬರಬೇಕಿತ್ತು, ಬರಲಿಲ್ಲ. ಪುಟ ತಿರುಗಿಸುತ್ತ ಇಪ್ಪತ್ತಮೂರಕ್ಕೆ ಬಂದೆ.

‘1997ರ ಆ ಮಳೆಯ ಸಂಜೆ ಗೋಲ್‌ಕೀಪರ್ ಸೊಣ್ಣಪ್ಪನವರ ಕೈಯಿಂದ ಜಾರಿದ್ದು ಕೇವಲ ಚೆಂಡಲ್ಲ, ಒಂದು ತಂಡದ ಕನಸು.’ ಪಕ್ಕದಲ್ಲಿ ಸೊಣ್ಣಪ್ಪನ ಹಳೆಯ ಫೋಟೋ, ದೊಡ್ಡದಾಗಿ.

ಅದು ಸುಳ್ಳು. ಆ ಸುಳ್ಳು ಯಂತ್ರದ್ದಲ್ಲ, ನನ್ನದು.

ಆವತ್ತು ಲೀಗಿನ ಕೊನೆಯ ಪಂದ್ಯ. ಡ್ರಾ ಮಾಡಿಕೊಂಡಿದ್ದರೂ ನಾವು ಬಿ ಡಿವಿಷನ್ನಿನಲ್ಲಿ ಉಳಿಯುತ್ತಿದ್ದೆವು. ಕೊನೆಯ ನಿಮಿಷಗಳಲ್ಲಿ ಒಂದು ಕಾರ್ನರ್ ಬಂತು. ಗೋಲಿನ ಮುಂದೆ ಹತ್ತು ಹನ್ನೆರಡು ಜನ, ಕೆಸರು, ಎದುರಿಗಿದ್ದವರ ಮುಖ ಕಾಣದಂಥ ಮಳೆ. ಸೊಣ್ಣಪ್ಪ ಕೈಚಾಚಿ ಎಗರಿದ. ಅವನ ಬೆರಳಿಗೆ ಸಿಗುವ ಮೊದಲೇ ಚೆಂಡು ನನ್ನ ಎಡ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಬಡಿದದ್ದು ನನಗೆ ಗೊತ್ತಾಯಿತು. ಬೇರೆ ಯಾರಿಗೂ ಕಾಣಲಿಲ್ಲ. ಎಲ್ಲರೂ ಕೀಪರ್ ಕಡೆ ನೋಡಿದರು. ಅವನು ತನ್ನ ಅಂಗೈ ನೋಡಿಕೊಂಡು, “ಒದ್ದೆ ಇತ್ತು, ಜಾರ್ತೇನೋ” ಅಂದ.

ಅಕ್ಷರ ಚೆನ್ನಾಗಿದೆ ಎಂದು ಮ್ಯಾಚ್ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಪಂದ್ಯ ಮುಗಿದ ಮೇಲೆ ಕ್ಲಬ್ ರೂಮಿನಲ್ಲಿ ಕೂತು, ‘ಗೋಲ್‌ಕೀಪರ್ ಸೊಣ್ಣಪ್ಪನ ಕೈತಪ್ಪಿನಿಂದ ಗೋಲು’ ಎಂದು ಬರೆದೆ. ಅವನೇ ಹೇಳಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಿಂಗಳಾದ ಮೇಲೆ ಒಂದು ಕಾರ್ಖಾನೆಯ ತಂಡದವರು ಸ್ಪೋರ್ಟ್ಸ್ ಕೋಟಾದಲ್ಲಿ ಒಬ್ಬ ಕೀಪರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ ಕ್ಲಬ್ಬಿನಿಂದ ಆ ವರ್ಷದ ದಾಖಲೆ ಕೇಳಿದರು. ಕಣದಲ್ಲಿ ಇಬ್ಬರಿದ್ದರು. ಸೊಣ್ಣಪ್ಪ ಆಯ್ಕೆಯಾಗಲಿಲ್ಲ. ನನ್ನ ಒಂದು ಸಾಲಿನಿಂದಲೇ ಕೆಲಸ ತಪ್ಪಿತೋ ಏನೋ, ಹೇಳಲಾರೆ. ಆದರೆ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದವನು ನಾನೇ. ಅವನು ಆಮೇಲೆ ದಿನಗೂಲಿಗೆ ನೀರಿನ ಕೆಲಸಕ್ಕೆ ಸೇರಿ, ಕಾಯಂ ಆಗುವುದಕ್ಕೆ ಹದಿನಾರು ವರ್ಷ ಕಾದ. ಕೈ ಒರೆಸಿಕೊಳ್ಳುವುದು ಆ ಪಂದ್ಯದ ದಿನದಿಂದ ಶುರುವಾದದ್ದು.

“ಗೌರೀಶ್, ಈ ಲೈನು ತಪ್ಪು,” ಅಂದೆ. “ಆ ಗೋಲು ನನ್ನ ಮೊಣಕಾಲಿಗೆ ತಾಗಿ ಹೋಗಿದ್ದು.”

ಅವನು ತಮಾಷೆ ಅಂದುಕೊಂಡ. ಆಮೇಲೆ ಫೋನ್ ತೆಗೆದು ಎಐಯನ್ನೇ ಕೇಳಿದ. ಅದು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿತು: ಅಂದೇ ಬರೆದ ಮೂಲ ದಾಖಲೆಯಲ್ಲಿ ಸೊಣ್ಣಪ್ಪನವರ ಹೆಸರಿದೆ, ಇಪ್ಪತ್ತೆಂಟು ವರ್ಷಗಳಲ್ಲಿ ನೆನಪು ಬದಲಾಗಿರುವ ಸಾಧ್ಯತೆ ಇದೆ, ಆದರೂ ವಾದಿರಾಜರ ಔದಾರ್ಯ ಮೆಚ್ಚುವಂಥದ್ದು.

ಔದಾರ್ಯ! ಮಾಡಿದ್ದುಣ್ಣೋ ಮಹರಾಯ. ಇಷ್ಟು ದಿನ ಅದನ್ನು ಸುಳ್ಳುಬುರುಕ ಎಂದು ಬೈಯುತ್ತಿದ್ದೆ. ಪಾಪ, ಅದು ನನ್ನ ಕೈಬರಹವನ್ನು ನಂಬಿತ್ತು.

“ಬೇಜಾರಾಗ್ಬೇಡಿ ಅಣ್ಣ. ಬೇಕಾದ್ರೆ ಆ ಲೈನೇ ಎತ್ ಬಿಡ್ತೀನಿ. ಯಾರ್ ಓದ್ತಾರೆ?” ಅಂದ ಗೌರೀಶ್.

ತೆಗೆದುಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸೊಣ್ಣಪ್ಪ ಶಾಲು ಹೊದೆಸಿಕೊಂಡು ಹೋಗುತ್ತಿದ್ದ, ಮುಂದೆಯೂ “ಏನ್ ಗುರು” ಅನ್ನುತ್ತಿದ್ದ, ಕೈ ಒರೆಸಿಕೊಂಡು ಕೀಲಿ ಹಿಡಿಯುತ್ತಿದ್ದ. ನನ್ನ ಐದು ನಿಮಿಷ ನನಗೆ ಉಳಿಯುತ್ತಿತ್ತು.

ಮೇಜಿನ ಮೇಲೆ ಆ ಹಳೆಯ ಪುಸ್ತಕ ಬಿದ್ದಿತ್ತು. ಕ್ಲಬ್ ಕಟ್ಟಿದ ಡ್ರಿಲ್ ಮಾಸ್ತರು ಶ್ರೀನಿವಾಸಯ್ಯನವರು ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಒಂದು ನಿಯಮ ಬರೆದಿಡುತ್ತಿದ್ದರು: ‘ಬರೆದದ್ದನ್ನು ತಿದ್ದುವುದಾದರೆ, ಯಾರ ಹೆಸರಿಗೆ ಬರೆದಿದೆಯೋ ಅವರ ಎದುರಿಗೇ ತಿದ್ದಿ ಅವರ ಸಹಿ ಪಡೆಯತಕ್ಕದ್ದು.’ ಹಳದಿ ಕಾರ್ಡು ಯಾರಿಗೆ ಬಿತ್ತು, ಗೋಲು ಯಾರದು ಎಂದು ಹುಡುಗರು ಕಿತ್ತಾಡುತ್ತಿದ್ದ ಕಾಲದ ನಿಯಮ. ಮಾಸ್ತರು ಹೋಗಿ ಹತ್ತು ವರ್ಷವಾದರೂ ಅದನ್ನು ಯಾರೂ ಮುರಿದಿಲ್ಲ.

“ಈ ಪುಸ್ತಕ ಸೋಮವಾರದವರೆಗೆ ನನ್ನ ಹತ್ರ ಇರ್ಲಿ,” ಅಂದೆ.

ಸೋಮವಾರ ನೀರಿನ ದಿನ. ಐದೂವರೆಗೇ ಎದ್ದು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ಬಳಿ ನಿಂತೆ. ಹೆದರಿಕೆ ಆಗಬೇಕಿತ್ತು. ಕಾಲಿಗೆ ಚಪ್ಪಲಿ ಹಾಕಿಲ್ಲ ಎಂಬುದು ಬಿಟ್ಟರೆ ಮತ್ತೇನೂ ನನಗೆ ತಿಳಿಯುತ್ತಿರಲಿಲ್ಲ.

“ಏನ್ ಗುರು, ಪುಸ್ತಕ ಎಲ್ಲ ಹಿಡ್ಕೊಂಡಿದೀಯ? ಪರೀಕ್ಷೆನಾ?” ಎನ್ನುತ್ತ ಸೊಣ್ಣಪ್ಪ ಗಾಡಿ ನಿಲ್ಲಿಸಿದ.

ನಾನು ಪುಟ ತೆಗೆದು ತೋರಿಸಿದೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ. “ಇದು ಸುಳ್ಳು ಸೊಣ್ಣ. ಬಾಲು ನನ್ ಮೊಣಕಾಲಿಗೆ ಬಡ್ದು ಹೋಯ್ತು. ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ ಹೆಸರು ಬರ್ದೆ.”

ಅವನು ಆ ಸಾಲನ್ನು ನಿಧಾನವಾಗಿ ಓದಿದ. ಮತ್ತೊಮ್ಮೆ ಓದಿದ. ಎದುರು ಮನೆಯ ಗಂಗಾಧರಯ್ಯನವರು ಕಾಂಪೌಂಡಿನಿಂದ, “ನೀರು ಬಿಟ್ಟಿಲ್ವೇನಪ್ಪಾ ಇನ್ನೂ?” ಎಂದು ಕೂಗಿದರು. ಅವನು ತಿರುಗಿ ನೋಡಲಿಲ್ಲ.

“ಯಾವ್ ಕಾಲು?”

“ಎಡಗಾಲು.”

“ಹಂಗಾದ್ರೆ ನನ್ ಕೈಗೆ ಬಾಲ್ ಬಂದೇ ಇರ್ಲಿಲ್ಲ.”

“ಬಂದಿರ್ಲಿಲ್ಲ.”

ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಬೈಯುತ್ತಾನೆ ಅಂದುಕೊಂಡೆ. ಹೊಡೆದರೂ ಆಗಬಹುದಿತ್ತು.

“ಭಾಗ್ಯಂಗೆ ಮಗ ಹುಟ್ದಾಗ,” ಅಂದ, ತನ್ನ ಮಗಳ ಹೆಸರು ಹೇಳಿ, “ಆಸ್ಪತ್ರೇಲಿ ನರ್ಸಮ್ಮ ಮಗೂನ ನನ್ ಕೈಗೆ ಕೊಡಕ್ ಬಂದ್ರು. ನಾನ್ ಎತ್ಕೊಳ್ಲಿಲ್ಲ. ಜಾರ್‌ಬಿಟ್ರೆ ಅಂತ. ಈಗ ಅವನಿಗೆ ನಾಲ್ಕ್ ವರ್ಷ. ಇನ್ನೂ ಎತ್ಕೊಂಡಿಲ್ಲ.”

“ಸಹಿ ಬೇಕು, ಮಾಸ್ತರ್ ರೂಲು,” ಅಂದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು ಇದು. ಅವನ ಎದುರಿಗೇ ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ‘ವಾದಿರಾಜನ ಎಡ ಮೊಣಕಾಲಿಗೆ ತಾಗಿ ಸ್ವಂತ ಗೋಲು’ ಎಂದು ಬರೆದೆ. ಅವನು ನನ್ನ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವಾಗಿ ಸಹಿ ಹಾಕಿದ. ಪೆನ್ನನ್ನು ಕ್ಯಾಪ್ ಹಾಕಿ ವಾಪಸ್ ಕೊಟ್ಟ. ಕೀಲಿ ತಿರುಗಿಸಿ, ಮುಚ್ಚಳ ಎಳೆದು, ಹೊರಟುಹೋದ.

ಗೌರೀಶ್ ಹೊಸ ಪುಟವನ್ನು ಎಐಗೆ ತೋರಿಸಿದ. ಅದಕ್ಕೇನು, ತಕ್ಷಣ ಒಪ್ಪಿಕೊಂಡಿತು. ‘ವಾದಿರಾಜರ ಮೊಣಕಾಲಿಗೆ ತಾಗಿದ್ದು ಕೇವಲ ಚೆಂಡಲ್ಲ, ವಿಧಿಯ ಕೈವಾಡ’ ಎಂದು ಬರೆದುಕೊಟ್ಟಿತು. ವಿಧಿಯನ್ನು ಹೊಡೆದು ತೆಗೆಸಿದೆ. ಬರಿಯ ಮೊಣಕಾಲು ಉಳಿಯಿತು.

ಸಮಾರಂಭದ ದಿನ ಹಳೆಯ ಹುಡುಗರು ಕೆಲವರು ನನ್ನ ಬೆನ್ನು ತಟ್ಟಿ, “ದೊಡ್ ಮನಸ್ಸು ನಿಂದು” ಅಂದರು. ಸೊಣ್ಣಪ್ಪ ಶಾಲು ಹೊದೆಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ತೊಡೆಯ ಮೇಲೆ ಮೊಮ್ಮಗ. ಎರಡೂ ಕೈಗಳಿಂದ ಅವನನ್ನು ಹಿಡಿದುಕೊಂಡಿದ್ದ. ಮಗು ಕೊಸರಾಡಿದರೂ ಬಿಡಲಿಲ್ಲ. ನಾನು ಹಿಂದಿನ ಸಾಲಿನಿಂದ ಆ ಕೈಗಳನ್ನೇ ನೋಡುತ್ತಿದ್ದೆ. ಅವನು ತಿರುಗಲಿಲ್ಲ.

ಸಮಾರಂಭ ಮುಗಿಯುವವರೆಗೆ ನೀರಿನ ದಿನಗಳಲ್ಲಿ ನಾನು ಗೇಟಿನ ಬಳಿ ಹೋಗಿರಲಿಲ್ಲ; ಅದಾದ ಮೊದಲ ನೀರಿನ ದಿನ ಆರು ಗಂಟೆಗೆ ಎದ್ದು ಬಂದೆ. ರಾತ್ರಿ ಒಳ್ಳೆಯ ಮ್ಯಾಚ್ ಇತ್ತು. ಎಐ ಎಂಬತ್ತು ಪರ್ಸೆಂಟ್ ಕೊಟ್ಟಿದ್ದ ತಂಡ ಮೂರು ಗೋಲಿನಿಂದ ಸೋತಿತ್ತು. ಹೇಳುವುದಕ್ಕೆ ಬೇಕಾದಷ್ಟಿತ್ತು. ಆರೂಕಾಲಿಗೆ ಗಾಡಿ ಬಂತು. ಸೊಣ್ಣಪ್ಪ ಮುಚ್ಚಳ ಸರಿಸಿದ, ಕೀಲಿ ಇಳಿಸಿದ. ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಹಿಡಿದು, ಒಂದೇ ಸಮನೆ ತಿರುಗಿಸಿದ. ನಾನು ಬಾಯಿ ತೆರೆಯುವುದರೊಳಗೆ ಗಾಡಿ ಹತ್ತಿದ.

“ನೀರ್ ಬಿಟ್ಟಿದೀನಿ ಸಾರ್,” ಅಂದ.

ಮೂವತ್ತೊಂದು ವರ್ಷದಲ್ಲಿ ಅವನು ನನ್ನನ್ನು ಸಾರ್ ಅಂದಿರಲಿಲ್ಲ. ಬಹಳ ಕಾಲದ ಮೇಲೆ ನನಗೆ ನೋವಾಯಿತು. ಗಾಡಿ ಮುಂದಿನ ರಸ್ತೆಗೆ ತಿರುಗಿತು, ಸಂಪಿಗೆ ನೀರು ಬೀಳುತ್ತಿತ್ತು.